ಮೂಲೆ ಅಂಗಡಿ

ಆ ನಗರಸಭೆಯಲ್ಲಿ ಒಂದು ಮರ್ಯಾದಸ್ಥ ನಿಯಮವಿತ್ತು. ಚರ್ಚೆಗೆ ಬಂದ ವಿಷಯದಲ್ಲಿ ಯಾವ ಸದಸ್ಯನಿಗಾದರೂ ಸ್ವಂತ ಲಾಭವಿದ್ದರೆ ಅವನು ಎದ್ದು ಪಕ್ಕದ ಟೀ ಕೋಣೆಗೆ ಹೋಗಬೇಕು, ಮತದಾನ ಮುಗಿದ ಮೇಲೆ ಒಳಗೆ ಬರಬೇಕು. ಆಹಾ, ಏನು ಶಿಸ್ತು! ರಸ್ತೆ ಗುತ್ತಿಗೆ ಬಂದಾಗ ಒಬ್ಬ ಏಳುತ್ತಿದ್ದ, ಕಸದ ಲಾರಿ ಬಂದಾಗ ಇನ್ನೊಬ್ಬ. ಹೊರಗಿದ್ದವನ ಕೆಲಸವನ್ನು ಒಳಗಿದ್ದವರು ಮಾಡಿಕೊಡುತ್ತಿದ್ದರು. ಬಾಯಿ ಒರೆಸಿಕೊಳ್ಳುತ್ತಾ ಮರಳಿ ಬರುವ ಆ ಮುಖಗಳನ್ನು ಕಂಡರೆ ನರ್ಸಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಥೂ, ಇವರೊಂದು ಜನವಾ!

ನರ್ಸಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಕೂದಲು ನರೆಯುವ ತನಕ ದುಡಿದು, ಬೀದಿಯ ಹೆಂಗಸರ ಒತ್ತಾಯಕ್ಕೆ ಚುನಾವಣೆಗೆ ನಿಂತು ಗೆದ್ದವಳು. ಈಗ ಆ ಆಸ್ಪತ್ರೆಗೇ ಕುತ್ತು ಬಂದಿತ್ತು. ಅದನ್ನು ಕೆಡವಿ ಅಂಗಡಿಗಳ ಸಾಲು ಕಟ್ಟುವ ಪ್ರಸ್ತಾವ.

ಕಳೆದ ಸಭೆಯಲ್ಲಿ ಅದು ನಗೆಪಾಟಲಾಗಿತ್ತು. "ಲಾಭ ಇರೋರು ದಯವಿಟ್ಟು ಹೊರಗೆ ಹೋಗಿ" ಎಂದು ಅಧ್ಯಕ್ಷರು ಹೇಳಿದ್ದೇ ತಡ, ಕುರ್ಚಿಗಳೆಲ್ಲ ಕಿರ್ರೆಂದವು. ಒಬ್ಬೊಬ್ಬನೂ ಹೆಂಡತಿಯದೋ ಅಳಿಯನದೋ ಷಡ್ಡಕನದೋ ಹೆಸರಲ್ಲಿ ಅಂಗಡಿ ಹಿಡಿದಿಟ್ಟಿದ್ದ. ಉಳಿದವರು ಕೈ ಎತ್ತುತ್ತಾರೆ ಬಿಡು ಎಂದುಕೊಂಡು ಯಾರೂ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಹಿಂದೊಮ್ಮೆ ಲಾಭ ಮುಚ್ಚಿಟ್ಟು ಕುಳಿತಿದ್ದವನ ಸದಸ್ಯತ್ವವೇ ಹೋಗಿತ್ತು, ಆ ಭಯ ಎಲ್ಲರಿಗೂ ಇತ್ತು. ಕೊನೆಗೆ ಅಧ್ಯಕ್ಷರೂ ಕೆಮ್ಮಿ ಎದ್ದರು. ಒಳಗೆ ಉಳಿದವಳು ನರ್ಸಮ್ಮ ಒಬ್ಬಳೇ! ಒಬ್ಬಳಿಂದ ಸಭೆ ನಡೆಯುತ್ತದೆಯೇ? ಪ್ರಸ್ತಾವ ಅಲ್ಲೇ ನಿಂತಿತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಈ ಸಭೆಯಲ್ಲಿ ಯಾರೂ ಏಳಲಿಲ್ಲ. ಕಾನೂನು ಸಲಹೆಗಾರ ಗಂಟಲು ಸರಿಮಾಡಿಕೊಂಡ.

"ಎಲ್ಲರಿಗೂ ಲಾಭ ಇದ್ರೆ ಯಾರೂ ಹೊರಗೆ ಹೋಗ್ಬೇಕಾಗಿಲ್ಲ. ಇಲ್ಲಾಂದ್ರೆ ಊರಿನ ಕೆಲಸವೇ ನಿಂತುಹೋಗುತ್ತಲ್ಲ? ಒಬ್ಬರಿಗಾದ್ರೂ ಲಾಭ ಇಲ್ಲದಿದ್ರೆ ಮಾತ್ರ ಉಳಿದವರೆಲ್ಲ ಹೊರಗೆ ಹೋಗ್ಬೇಕು."

"ನನಗಿಲ್ಲ" ಎಂದಳು ನರ್ಸಮ್ಮ.

"ಇದೆಯಲ್ಲಮ್ಮಾ" ಎಂದು ಅಧ್ಯಕ್ಷರು ಹಲ್ಲುಕಿರಿದರು. "ಒಡಹುಟ್ಟಿದವರ ಲಾಭ ನಮ್ಮದೇ ಅಂತ ನಿಯಮ ಹೇಳುತ್ತೆ. ಮೊನ್ನೆ ನಿಮ್ಮ ತಮ್ಮನಿಗೆ ಆ ಸಾಲಿನ ಮೂಲೆ ಅಂಗಡಿ ಕೊಟ್ವಿ."

ಅವಳು ತಟ್ಟನೆ ಹಿಂದೆ ತಿರುಗಿದಳು. ಹಿಂದಿನ ಬೆಂಚಿನಲ್ಲಿ ಇಸ್ತ್ರಿ ಅಂಗಿ ತೊಟ್ಟು ಕುಳಿತಿದ್ದ ತಮ್ಮ. ತಾಯಿ ತೀರಿಕೊಂಡ ಮೇಲೆ ಇವಳೇ ಎತ್ತಿ ಆಡಿಸಿ ಬೆಳೆಸಿದ ತಮ್ಮ. ಅವಳು ಎದ್ದು ಅವನ ಹತ್ತಿರ ಹೋದಳು.

"ಬೇಡ ಅಂತ ಹೇಳೋ. ನೀನು ಈಗ್ಲೇ ಬಿಟ್ಟುಕೊಟ್ರೆ ಆಸ್ಪತ್ರೆ ಉಳಿಯುತ್ತೆ."

"ಸುಮ್ನಿರಕ್ಕಾ, ಎಲ್ಲರೂ ನೋಡ್ತಿದಾರೆ."

"ನೋಡ್ಲಿ. ನಿನ್ನ ದಮ್ಮಯ್ಯ ಅಂತೀನಿ, ಬಿಟ್ಟುಕೊಡು."

"ನೀನು ಮೆಂಬರ್ ಆಗಿ ನಮಗೇನು ಸಿಕ್ತು ಹೇಳು? ಬೇರೆಯವರ ಅಕ್ಕಂದಿರು ಏನೇನೋ ಮಾಡಿಕೊಟ್ಟಿದಾರೆ. ಒಂದ್ಸಲವಾದ್ರೂ ನಿನ್ನಿಂದ ಉಪಯೋಗ ಆಗ್ಲಿ."

ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು. ಕೈಗಳು ಮೇಲೆದ್ದವು. ಅವಳು ಕೂಗಿ ಹೇಳಿದ "ಇಲ್ಲ" ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಟೀ ಈಗ ಸಭಾಂಗಣಕ್ಕೇ ಬಂತು. ಅಧ್ಯಕ್ಷರು ತಾವೇ ಒಂದು ಲೋಟ ತಂದು ಅವಳ ಮುಂದೆ ಹಿಡಿದರು.

"ತಗೊಳ್ಳಿ ಅಮ್ಮಾ. ಎಲ್ಲಾ ನಿಮ್ಮ ಕೃಪೆ."

ಲೋಟವನ್ನು ಮುಟ್ಟದೆ ಅವಳು ತಮ್ಮನ ಕಡೆ ತಿರುಗಿದಳು.

"ಆ ಮೂಲೆಯಲ್ಲಿ ಈಗ ಏನಿದೆ ಗೊತ್ತೇನೋ? ಹೆರಿಗೆ ಕೋಣೆ. ನೀನು ಹುಟ್ಟಿದ್ದು ಅಲ್ಲೇ. ಅಮ್ಮ ನಿನ್ನನ್ನ ನನ್ನ ಕೈಗೆ ಕೊಟ್ಟಿದ್ದೂ ಅಲ್ಲೇ ಕಣೋ."

ತಮ್ಮ ಒಂದು ಗಳಿಗೆ ಯೋಚಿಸಿದ. ಆಮೇಲೆ ಅವನ ಮುಖ ಅರಳಿತು.

"ಹೌದಾ? ಹಾಗಾದ್ರೆ ಒಳ್ಳೇ ಜಾಗಾನೇ ಬಿಡಕ್ಕಾ. ರಸ್ತೆ ಕಡೆ ಕಿಟಕಿ ಇದೆಯಲ್ಲ, ಅದನ್ನೇ ಒಡೆದು ಬಾಗಿಲು ಮಾಡಿಸ್ಬಹುದು."