ಮುಂದಿನ ಸಾಲಿನ ಐವರು

ಐದನೆಯವನು ಮೆಟ್ಟಿಲು ಹತ್ತಿದಾಗ ಜಗಲಿಯ ಹಲಗೆ ಒಮ್ಮೆ ಜಗ್ಗಿ ಮತ್ತೆ ಮೇಲೆದ್ದಿತು. ಒಲೆಯ ಮುಂದೆ ಕೋಳಿ ಕರಿಯುತ್ತಿದ್ದ ವರ್ನೀಟಾ ತಿರುಗಿ ನೋಡದೆಯೇ ಅಂದುಕೊಂಡಳು, ಎಲ್ಲರೂ ಬಂದರು. ಒಬ್ಬೊಬ್ಬನೂ ಮುನ್ನೂರು ಪೌಂಡು ತೂಗುವ ಹುಡುಗರು. ಚರ್ಚಿನಿಂದ ಎರವಲು ತಂದಿದ್ದ ಕಬ್ಬಿಣದ ಕುರ್ಚಿಗಳ ಮೇಲೆ ಬೆಳಿಗ್ಗೆಯೇ ಅವಳು ತಾನೇ ಒಂದೊಂದಾಗಿ ಕೂತು, ಅಲ್ಲಾಡಿಸಿ ನೋಡಿದ್ದಳು.

"ಕಾಲು ಒರೆಸ್ಕೊಂಡು ಬನ್ರೋ. ಹೊರಗೆಲ್ಲ ಕೆಸರು."

"ಮಿಸ್ ವರ್ನೀಟಾ, ನಿಮ್ಮನೆ ವಾಸನೆ ಹೈವೇವರೆಗೂ ಬಂದಿದೆ. ದಾರಿ ಕೇಳೋ ಕೆಲ್ಸಾನೇ ಬೀಳ್ಲಿಲ್ಲ," ಎನ್ನುತ್ತ ಬುಕರ್ ಬಾಗಿಲಿನಲ್ಲಿ ಅಡ್ಡಡ್ಡ ತಿರುಗಿ ಒಳಬಂದ. ಅವನ ಹಿಂದೆ ಬಂದ ಹೋಯ್ಟ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ನಿಂತ. ಗುಡ್ಡದ ಕಡೆಯ ಬಿಳಿ ಹುಡುಗ, ಮಾತು ಕಡಿಮೆ. ಮೈದಾನದಲ್ಲಿ ಸಾಲಿನ ನಡುವೆ ಬಾಗಿ ನಿಂತು, ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವವನು ಅವನೇ. ಉಳಿದ ಮೂವರು ಗೋಡೆಗೆ ಅಂಟಿಕೊಂಡು, ಮನೆಯಲ್ಲಿ ಏನು ಮುರಿದೀತೋ ಎಂಬ ಭಯದಲ್ಲಿ ಉಸಿರು ಹಿಡಿದವರಂತೆ ಒಳಗೆ ಸರಿದರು.

ಮೂರು ವರ್ಷದಿಂದ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಚೆಂಡು ಅಪ್ಪಿ ಓಡುವವನು ಅವಳ ಮಗ ಕ್ವಿಂಟನ್. ಎದುರಾಳಿಗಳನ್ನು ತಳ್ಳಿ ಅವನಿಗೆ ದಾರಿ ಬಿಡಿಸುವವರು ಈ ಐವರು. ಓಡುವವನು ವರ್ಷಕ್ಕೊಮ್ಮೆಯಾದರೂ ಮುಂದಿನ ಸಾಲಿನವರಿಗೆ ಹೊಟ್ಟೆ ತುಂಬ ಊಟ ಹಾಕಬೇಕು, ಅದು ಅವರಲ್ಲಿ ನಡೆದುಬಂದ ರೀತಿ. ಈ ಸಲ ಕ್ವಿಂಟನ್ ಕರೆದಿರಲಿಲ್ಲ. ಅವನಿಗೆ ತಿಳಿಸದೆ ವರ್ನೀಟಾಳೇ ಹೋಯ್ಟ್‌ಗೆ ಫೋನು ಮಾಡಿದ್ದಳು. "ಊಟಕ್ಕೆ ಬನ್ನಿ. ಹಾಗೇ ಅವನಿಗೆ ನಾಲ್ಕು ಮಾತು ಹೇಳಿ," ಎಂದಿದ್ದಳು. "ಆಯ್ತು, ಹೇಳ್ತೀವಿ," ಎಂದಿದ್ದ ಹೋಯ್ಟ್.

ಗುರುವಾರ ಕೊನೆಯ ದಿನ. ಅಷ್ಟರೊಳಗೆ ಕಾಗದಕ್ಕೆ ಸಹಿ ಹಾಕಿದರೆ ಕ್ವಿಂಟನ್ ಓದು ಬಿಟ್ಟು ವೃತ್ತಿಯ ಆಟಕ್ಕೆ ಹೋದಂತೆ. ಹಾಕದಿದ್ದರೆ ಇನ್ನೊಂದು ವರ್ಷ ಕಾಲೇಜು, ಕೊನೆಗೆ ಪದವಿ. ಹೊಸ ಆಟಗಾರರ ಆಯ್ಕೆಯ ಎರಡನೇ ಸುತ್ತಿನಲ್ಲೇ ಯಾವುದಾದರೂ ತಂಡ ಅವನನ್ನು ಆರಿಸಬಹುದೆಂದು ವೃತ್ತಿಪರ ಲೀಗಿನವರ ಪತ್ರ ಬಂದಿತ್ತು. ಅದನ್ನು ಅವನು ಫ್ರಿಜ್ಜಿನ ಮೇಲಿಟ್ಟು ಮತ್ತೆ ಮುಟ್ಟಿರಲಿಲ್ಲ. "ಏನು ಮಾಡ್ತೀಯಾ?" ಎಂದರೆ, "ನೀನು ಹೇಳ್ದಂಗೆ ಅಮ್ಮ," ಎನ್ನುತ್ತಿದ್ದ. ಆ ಉತ್ತರ ತೀರಾ ಬೇಗ ಬರುತ್ತಿತ್ತು.

ಕಾರಣ ಅವಳಿಗೆ ಗೊತ್ತಿತ್ತು. ಅವನು ಈ ಮನೆ ಬಿಟ್ಟು ಯೂನಿವರ್ಸಿಟಿಗೆ ಹೊರಟ ದಿನ ಅವಳು ಒಂದು ಮಾತು ತೆಗೆದುಕೊಂಡಿದ್ದಳು. ಎಷ್ಟು ಬೇಕಾದರೂ ಓಡು, ಆದರೆ ಪದವಿಯ ಟೋಪಿ ಹಾಕಿಕೊಂಡು ಆ ವೇದಿಕೆ ದಾಟುವವರೆಗೆ ಅಲ್ಲಿಂದ ಕದಲಬೇಡ ಎಂದು. ಅವಳ ಕಡೆಯಲ್ಲಾಗಲಿ, ತೀರಿಹೋದ ಗಂಡನ ಕಡೆಯಲ್ಲಾಗಲಿ ಅದುವರೆಗೆ ಯಾರೂ ಅಂಥ ವೇದಿಕೆ ದಾಟಿರಲಿಲ್ಲ. ಮೀನಿನ ಕಾರ್ಖಾನೆಯಲ್ಲಿ ಅವಳ ಸಾಲಿನ ಹೆಂಗಸರೆಲ್ಲ ಆ ದಿನಕ್ಕೆ ಒಂದು ಬಸ್ಸು ಗೊತ್ತುಮಾಡುವ ಮಾತಾಡುತ್ತಿದ್ದರು. ಯಾವ ಬಣ್ಣದ ಹ್ಯಾಟು ಹಾಕಿಕೊಳ್ಳಬೇಕೆಂಬ ಜಗಳವೂ ಆಗಿತ್ತು.

ಬೆಳಿಗ್ಗೆ ಚರ್ಚಿನಲ್ಲಿ ಪಾದ್ರಿಗಳು ಕ್ವಿಂಟನ್‌ನನ್ನು ಎದ್ದು ನಿಲ್ಲಲು ಹೇಳಿದಾಗ ಇಡೀ ಸಭೆ ಚಪ್ಪಾಳೆ ತಟ್ಟಿತ್ತು. ಪಕ್ಕದಲ್ಲಿ ಕೂತಿದ್ದ ವರ್ನೀಟಾ ಅವನ ಕೋಟಿನ ತೋಳನ್ನಷ್ಟೇ ನೋಡುತ್ತಿದ್ದಳು. ಮೂರು ವರ್ಷದ ಹಿಂದೆ ಬೆರಳ ತುದಿವರೆಗೆ ಇಳಿಬೀಳುತ್ತಿದ್ದ ಅವನ ಅಪ್ಪನ ಕೋಟು ಈಗ ಭುಜದಲ್ಲಿ ಬಿಗಿಯುತ್ತಿತ್ತು. ಹೆಮ್ಮೆಯನ್ನು ಮುಖದ ಮೇಲೆ ತೋರಿಸಬಾರದೆಂದು ಅವಳು ಹಾಡಿನ ಪುಸ್ತಕ ತೆರೆದು ಹಿಡಿದುಕೊಂಡಿದ್ದಳು. ತಲೆಕೆಳಗಾಗಿ ಹಿಡಿದಿದ್ದೇನೆಂಬುದು ಹಾಡು ಶುರುವಾದ ಮೇಲೆ ಗೊತ್ತಾಯಿತು.

ಊಟಕ್ಕೆ ಕೂತರು. ಕೋಳಿ, ಹಂದಿ ಮೂಳೆ ಹಾಕಿ ಬೇಯಿಸಿದ ಸೊಪ್ಪು, ಅಲಸಂದೆ ಕಾಳು, ಜೋಳದ ಬ್ರೆಡ್ಡು. ಕ್ವಿಂಟನ್ ಬಡಿಸುತ್ತಿದ್ದ.

"ಮೀನಿಲ್ವಾ, ಮಿಸ್ ವರ್ನೀಟಾ?" ಎಂದ ಬುಕರ್.

"ಇಪ್ಪತ್ತೆರಡು ವರ್ಷದಿಂದ ವಾರಕ್ಕೈದು ದಿನ ಮೀನಿನ ಮುಖ ನೋಡ್ತಿದೀನಪ್ಪ. ಭಾನುವಾರಾನಾದ್ರೂ ಬೇರೆ ಮುಖ ನೋಡೋದು ಬೇಡ್ವಾ?"

"ಹಂಗಂತ ಇವನ ಮುಖ ನೋಡ್ಬೇಕಾ? ಮೀನೇ ವಾಸಿ," ಎಂದು ಪಕ್ಕದವನು ಅಂದಾಗ ಮೇಜು ಅಲುಗಾಡುವಂತೆ ನಕ್ಕರು. ಕ್ವಿಂಟನ್ ಬುಕರ್‌ನ ತಟ್ಟೆಗೆ ಮೂರನೇ ಸಲ ಸೊಪ್ಪು ಹಾಕಿ, "ತಿನ್ನೋ. ಅರ್ಕನ್ಸಾ ವಿರುದ್ಧದ ಆಟದಲ್ಲಿ ನೀನು ತಡೀದೆ ಬಿಟ್ಟ ಆ ಹೋರಿಯಂಥೋನು ಇನ್ನೂ ನನ್ನ ಪಕ್ಕೆಲುಬಲ್ಲೇ ಇದಾನೆ," ಎಂದ.

"ಒಂದ್ಸಲ ಬಿಟ್ಟಿದ್ದಕ್ಕೆ ಸಾಯೋವರ್ಗೂ ಹೇಳ್ತಾನೆ ನೋಡಿ."

ನಗು ತಗ್ಗಿದ ಮೇಲೆ ವರ್ನೀಟಾ ಕೈ ಒರೆಸಿಕೊಂಡು ಮೇಜಿನ ತುದಿಯಲ್ಲಿ ಕೂತಳು. "ನಾನು ನಿಮ್ಮನ್ನ ಬರೀ ಊಟಕ್ಕೆ ಕರೀಲಿಲ್ಲ," ಎಂದಳು.

ಕ್ವಿಂಟನ್ ತಲೆಯೆತ್ತಿದ. ತಾಯಿಯನ್ನು ನೋಡಿದ, ಹೋಯ್ಟ್‌ನನ್ನು ನೋಡಿದ. "ಅಮ್ಮ, ಇದೇನಿದು?"

"ಗುರುವಾರದೊಳಗೆ ನಿರ್ಧಾರ ಆಗ್ಬೇಕು. ನಿನ್ನ ಬಾಯಲ್ಲಿ ಮಾತೇ ಬರಲ್ಲ. ಇವ್ರಲ್ಲಿ ಮೂರು ಜನಕ್ಕೆ ಇನ್ನೂ ಒಂದು ವರ್ಷ ಇದೆ. ನೀನಿಲ್ದೆ ಇವ್ರೇನು ಮಾಡ್ತಾರೆ, ಇವ್ರ ಬಾಯಿಂದಾನೇ ಕೇಳು." ಅವಳು ಹೋಯ್ಟ್‌ನ ಕಡೆ ತಿರುಗಿ, "ಹೇಳಪ್ಪ," ಎಂದಳು.

ಹೋಯ್ಟ್ ಫೋರ್ಕನ್ನು ತಟ್ಟೆಯ ಅಂಚಿಗೆ ಸದ್ದಾಗದಂತೆ ಇಟ್ಟ. "ಬರ್ತಾ ಎರಡು ಗಂಟೆ ಹೊತ್ತು ಟ್ರಕ್ಕಲ್ಲಿ ಇದೇ ಮಾತಾಡಿದ್ವಿ, ಮಿಸ್ ವರ್ನೀಟಾ. ನೀವು ಹೇಳ್ಸೋಣ ಅಂದ್ಕೊಂಡಿದ್ದು ಒಂದು. ನಾವು ಹೇಳೋದು ಬೇರೆ." ಅವನ ಕಿವಿ ಕೆಂಪಾಗಿತ್ತು. "ಇವ್ನು ಹೋಗ್ಬೇಕು."

"ಇವನಿಲ್ದೆ ಹೋದ್ರೆ ನೀವು ಸೋಲ್ತೀರ," ಎಂದಳು ವರ್ನೀಟಾ.

"ಸೋಲ್ತೀವಿ. ಚೆನ್ನಾಗೇ ಸೋಲ್ತೀವಿ," ಎಂದ ಬುಕರ್.

"ಇವನನ್ನ ಕೆಡವಿದ ಮೇಲೆ ಎತ್ತೋರು ನಾವೇ," ಎಂದ ಹೋಯ್ಟ್. "ಎದುರು ಕಡೆಯೋರ ಕೈ ಹಿಡಿದು ಏಳೋ ಹಂಗಿಲ್ಲ. ಮೊದಲೆರಡು ವರ್ಷ ನಾನು ಕೈ ಚಾಚೋಷ್ಟ್ರಲ್ಲಿ ಇವ್ನು ಎದ್ದು ನನ್ನ ಬೆನ್ನಿಗೆ ಗುದ್ದಿರ್ತಿದ್ದ. ಹೋದ ನವೆಂಬರಿಂದ ಕಾಯ್ತಾನೆ. ನನ್ನ ಕೈ ಬರೋವರ್ಗೂ ಕಾಯ್ತಾನೆ. ಬಂದ್ಮೇಲೆ ಭಾರ ಪೂರ್ತಿ ನನ್ನ ಮೇಲೆ ಬಿಡ್ತಾನೆ."

"ಸಾಕು ನಿಲ್ಸೋ," ಎಂದ ಕ್ವಿಂಟನ್.

"ಡಾಕ್ಟರು ನೋಡಿದ್ರು, ಏನೂ ಇಲ್ಲ ಅಂದ್ರು. ಮುರಿದಿಲ್ಲ, ಹರಿದಿಲ್ಲ. ಆದ್ರೆ ವಾರಕ್ಕೆ ಇಪ್ಪತ್ತೈದು ಸಲ ಬೀಳ್ತಾನೆ, ಮಿಸ್ ವರ್ನೀಟಾ. ಇವನ ಕಾಲಲ್ಲಿ ಇನ್ನೆಷ್ಟು ಓಟ ಇದೆಯೋ ಯಾರಿಗೂ ಗೊತ್ತಿಲ್ಲ. ಇರೋದನ್ನ ನಮಗೋಸ್ಕರ ಮುಗಿಸ್ಬಾರ್ದು. ದುಡ್ಡು ಕೊಡೋ ಕಡೆ ಓಡ್ಲಿ."

ವರ್ನೀಟಾ ಮಗನನ್ನು ನೋಡಿದಳು. "ನೋವಿಲ್ಲ ಅಮ್ಮ," ಎಂದ ಅವನು ತಕ್ಷಣ.

"ನೋವಿದೆಯಾ ಅಂತ ನಾನು ಕೇಳ್ಲಿಲ್ಲ."

ಅವಳ ಕಣ್ಣಮುಂದೆ ಬಂದದ್ದು ಒಡೆಸ್ಸಾ. ಮೀನು ಸೀಳುವ ಸಾಲಿನಲ್ಲಿ ಹದಿನಾಲ್ಕು ವರ್ಷ ಅವಳ ಎಡಕ್ಕೆ ನಿಂತವಳು. ಒಂದು ದಿನ ಒಡೆಸ್ಸಾಳ ಚಾಕು ಮೀನಿನ ಬೆನ್ನುಮೂಳೆಯ ಹತ್ತಿರ ಬಂದು ಅರೆಕ್ಷಣ ತಡೆಯಿತು. ಮೇಸ್ತ್ರಿಗೆ ಕಾಣಲಿಲ್ಲ, ಒಡೆಸ್ಸಾಳ ಗಂಡನಿಗೂ ಗೊತ್ತಿರಲಿಲ್ಲ. ಅಂದಿನಿಂದ ವರ್ನೀಟಾ ಅವಳ ಪಾಲಿನ ಮೀನಿನಲ್ಲಿ ಐದಾರಕ್ಕೆ ಒಂದರಂತೆ ತನ್ನ ಹಲಗೆಗೆ ಎಳೆದುಕೊಳ್ಳತೊಡಗಿದಳು. ನಾಲ್ಕು ತಿಂಗಳು ಹಾಗೆ ನಡೆಯಿತು. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೊನೆಗೆ ಒಡೆಸ್ಸಾ ಕೆಲಸ ಬಿಟ್ಟ ದಿನ ಅವಳ ಬೆರಳುಗಳು ಕೋಟಿನ ಗುಂಡಿಯನ್ನೂ ಹಾಕಲಾರದಾಗಿದ್ದವು. ಆ ಗುಂಡಿಗಳನ್ನು ಹಾಕಿದವಳು ವರ್ನೀಟಾ. ಕೈ ಪೂರ್ತಿ ಹೋಗುವ ಮೊದಲೇ ಕೆಲಸ ಬಿಡು ಎಂದು ಅವಳು ಒಮ್ಮೆಯೂ ಹೇಳಿರಲಿಲ್ಲ. ಈ ಹುಡುಗ ಹೋಯ್ಟ್ ಹೇಳಿದ್ದ. ಅವಳ ಮೇಜಿನ ಮುಂದೆ ಕೂತು, ಅವಳ ಊಟ ಉಂಡು, ತನಗೇ ನಷ್ಟವಾಗುವುದನ್ನು ಹೇಳಿದ್ದ.

"ನೀನು ಹೋಗ್ಬೇಕು ಅಂತಿದೀಯಾ?" ಎಂದಳು ಮಗನಿಗೆ.

ಕ್ವಿಂಟನ್ ಬಡಿಸುವ ಸೌಟನ್ನು ಕೈಯಲ್ಲೇ ಹಿಡಿದು ನಿಂತಿದ್ದ. "ನಿಂಗೆ ಮಾತು ಕೊಟ್ಟಿದೀನಿ."

"ಅದಲ್ಲ ಕಣೋ ನಾನು ಕೇಳಿದ್ದು."

"ಹೂಂ," ಎಂದ. ಆಮೇಲೆ ಇನ್ನೂ ಮೆಲ್ಲಗೆ, "ಹೋಗ್ಬೇಕು ಅನ್ಸತ್ತೆ. ಅಕ್ಟೋಬರಿಂದ ಅನ್ಸ್ತಿದೆ. ಆದ್ರೆ ಆ ಬಸ್ಸು, ನಿನ್ನ ಸ್ನೇಹಿತೆಯರು, ಹ್ಯಾಟು..."

"ಹ್ಯಾಟು ಚರ್ಚಿಗೆ ಹಾಕ್ಕೊಂಡು ಹೋಗ್ತಾರೆ, ಬಿಡು." ಅವಳು ಎದ್ದಳು. "ಮಾತು ಕೊಟ್ಟಿದ್ದು ನಂಗೆ. ಬಿಡೋಳೂ ನಾನೇ. ಆದ್ರೆ ಪೂರ್ತಿ ಬಿಡಲ್ಲ, ಕೇಳ್ಸ್ಕೊ. ಬೇಸಿಗೆಯಲ್ಲಿ ಆಟ ಇರಲ್ಲ. ಬಂದು ಬಾಕಿ ಓದು ಮುಗಿಸ್ಬೇಕು. ಎರಡು ವರ್ಷ ಆಗ್ಲಿ, ಆರು ವರ್ಷ ಆಗ್ಲಿ."

"ಬರ್ತೀನಿ."

"ಬರ್ದಿದ್ರೆ ನಾವು ಹೊತ್ಕೊಂಡು ಬರ್ತೀವಿ," ಎಂದ ಬುಕರ್. "ನಿಜವಾಗ್ಲೂ ಹೊತ್ಕೊಂಡು."

ಅವಳು ಅಡುಗೆಮನೆಗೆ ಹೋಗಿ ಗೆಣಸಿನ ಪೈ ಕತ್ತರಿಸುವ ನೆಪದಲ್ಲಿ ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಯಾರೂ ಹಿಂದೆ ಬರಲಿಲ್ಲ. ಹೊರಗೆ ಬಂದಾಗ ಅವಳ ಕಣ್ಣು ಒಣಗಿತ್ತು. ಪೈ ಮಾತ್ರ ಆರು ತುಂಡಾಗುವ ಬದಲು ಒಂಬತ್ತು ತುಂಡಾಗಿತ್ತು. ಹುಡುಗರು ಲೆಕ್ಕ ಕೇಳದೆ ಅಷ್ಟನ್ನೂ ಮುಗಿಸಿದರು.

"ಒಂದು ವಿಷಯ ಹೇಳ್ತೀನಿ, ನಗ್ಬಾರ್ದು," ಎಂದಳು ತಟ್ಟೆ ಜೋಡಿಸುತ್ತ. "ಮೂರು ವರ್ಷದಲ್ಲಿ ಒಂದು ಆಟಾನೂ ತಪ್ಪಿಸಿಲ್ಲ. ಆದ್ರೆ ಹೋಯ್ಟ್, ನೀನು ಚೆಂಡು ಕೊಟ್ಟ ಕೂಡ್ಲೇ ನಾನು ಕಣ್ಮುಚ್ಕೊಳ್ತೀನಿ. ಜನ ಕೂಗಿದ ಮೇಲೇ ಬಿಡೋದು. ಆ ನಡುವೆ ನೀವೇನು ಮಾಡ್ತೀರೋ ನಾನು ನೋಡೇ ಇಲ್ಲ."

ಹೋಯ್ಟ್ ಮೊದಲ ಸಲ ನಕ್ಕ. ಟೋಪಿ ತಲೆಗಿಟ್ಟುಕೊಂಡು, "ಬನ್ನಿ," ಎಂದ.

ಅಂಗಳದಲ್ಲಿ ಜನವರಿಯ ತೆಳು ಬಿಸಿಲಿತ್ತು. ಐವರೂ ಹೊಲದ ಕಡೆ ಮುಖ ಮಾಡಿ ಸಾಲಾಗಿ ಬಾಗಿ ನಿಂತರು. ಭಾನುವಾರದ ಪ್ಯಾಂಟು, ಕೆಸರಲ್ಲಿ ಕೈ. ರಸ್ತೆಯಾಚೆಯ ಮನೆಯವರು ಜಗಲಿಗೆ ಬಂದು ನೋಡತೊಡಗಿದರು. ಕ್ವಿಂಟನ್ ತಾಯಿಯ ತೋಳು ಹಿಡಿದು ತಾನು ನಿಲ್ಲುವ ಜಾಗದಲ್ಲಿ ಅವಳನ್ನು ನಿಲ್ಲಿಸಿದ. ಏಪ್ರನ್ನಿನ ಮುಂದೆ ಅವಳ ಎರಡು ಕೈಯನ್ನೂ ಜೋಡಿಸಿ, ಅದರೊಳಗೆ ಚೆಂಡಿನ ಬದಲು ಒಂದು ದೊಡ್ಡ ಗೆಣಸು ಇಟ್ಟ.

ಅಲ್ಲಿಂದ ಅವಳಿಗೆ ಕಂಡದ್ದು ಬೆನ್ನುಗಳು ಮಾತ್ರ. ಬೇಲಿಯ ಹಾಗೆ ಒತ್ತೊತ್ತಾಗಿದ್ದ ಬೆನ್ನುಗಳು. ಆಚೆಗೆ ಏನಿದೆಯೆಂದು ಕಾಣುತ್ತಲೇ ಇರಲಿಲ್ಲ.

"ಇದರಲ್ಲಿ ದಾರಿ ಎಲ್ಲಿದೆಯೋ?"

"ಈಗ ಇಲ್ಲ," ಎಂದ ಕ್ವಿಂಟನ್ ಅವಳ ಕಿವಿಯ ಹತ್ತಿರ. "ಆಗತ್ತೆ. ನೀನು ಹೋಯ್ಟ್‌ನ ಬಲಗಡೆ ನೋಡ್ತಿರು."

"ಆದ್ಮೇಲೆ ಎಷ್ಟು ಹೊತ್ತು ಇರತ್ತೆ?"

"ಒಂದು ಅಂತ ಎಣ್ಸು. ಎರಡು ಅನ್ನೋಷ್ಟ್ರಲ್ಲಿ ಮುಚ್ಚಿರತ್ತೆ."

ಹೋಯ್ಟ್ ಏನನ್ನೋ ಕೂಗಿದ. ಐದು ಬೆನ್ನುಗಳು ಒಂದೇ ಉಸಿರಿಗೆ ಮೇಲೆದ್ದವು. ನೆಲ ಅವಳ ಚಪ್ಪಲಿಯಡಿಯಲ್ಲಿ ನಡುಗಿತು. ಹೋಯ್ಟ್ ಎಡಕ್ಕೆ ನುಗ್ಗಿದ, ಬುಕರ್ ಬಲಕ್ಕೆ. ನಡುವೆ ಬಾಗಿಲಿನಗಲ ಬೆಳಕು ಬಿತ್ತು. ವರ್ನೀಟಾ ಕಣ್ಣು ಮುಚ್ಚಲಿಲ್ಲ. ಗೆಣಸನ್ನು ಎದೆಗೆ ಒತ್ತಿಕೊಂಡು ಹೊರಟಳು. ಎರಡೂ ಕಡೆ ಏದುಸಿರು, ಬಿಸಿ, ಕೆಸರಿನ ವಾಸನೆ. ಆಮೇಲೆ ಅದೆಲ್ಲ ಅವಳ ಹಿಂದಾಯಿತು. ಮುಂದೆ ಹತ್ತಿ ಬಿಡಿಸಿ ಬರಿದಾದ ಹೊಲ, ಕೂಳೆಯ ಸಾಲುಗಳು ಆಕಾಶದ ತನಕ. ಅಂಗಳ ಮುಗಿಯುವಲ್ಲಿ ಅವಳು ನಿಲ್ಲಲಿಲ್ಲ. ಮನೆಯ ಚಪ್ಪಲಿಯಲ್ಲೇ ಹೊಲಕ್ಕಿಳಿದು, ಬೆನ್ನು ನೆಟ್ಟಗೆ ಮಾಡಿಕೊಂಡು, ಒಂದು ಸಾಲು ಹಿಡಿದು ನಡೆಯುತ್ತ ಹೋದಳು.