ಪಾಲಾಕ್ಷನ ಕನ್ನಡಕ

ಪಾಲಾಕ್ಷ ನೋಡುವಾಗ ಉಸಿರಾಡುತ್ತಿರಲಿಲ್ಲ. ಬಿಸಿಲಿರಲಿ, ಮೋಡವಿರಲಿ, ಬಿಚ್ಚದ ಕಂದು ಕೋಟು. ಕೈ ಬರಿದಾಗಿದ್ದರೂ ತುಂಬಿದ ಲೋಟ ಹಿಡಿದವನ ಹಾಗೆ ತುಳುಕದ ನಡಿಗೆ. ಹಾಸನದ ಕಾಲೇಜೊಂದರ ಲ್ಯಾಬಿನಲ್ಲಿ ಸಹಾಯಕನಾಗಿದ್ದ ಆತ ಗಾಜಿನ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಅದರ ಹಿಂದೆ ಹಳೆಯ ಕೊಡೆಯ ಕಪ್ಪು ಬಟ್ಟೆ ಚಾಚಿ, ತಲೆಯನ್ನು ಎಡಕ್ಕೆ ವಾಲಿಸಿ ನಿಂತನೆಂದರೆ, ಪಕ್ಕದ ಮೇಜಿನ ಲೆಕ್ಚರರ್ ಲಕ್ಷ್ಮೀನರಸಿಂಹನಿಗೆ ಹೊಟ್ಟೆ ಉರಿಯುತ್ತಿತ್ತು. ಚಿನ್ನದ ಪದಕ ತನ್ನದು, ಕಣ್ಣು ಮಾತ್ರ ಅವನದು!

ತೊಂಬತ್ತಾರನೆಯ ಇಸವಿಯ ಮಾತು. ಒಂದು ಬ್ಯಾಕ್ಟೀರಿಯಾದ ರೈಬೋಸೋಮ್ ಎಂಬ ಕಣದ ಪ್ರೋಟೀನನ್ನು ಮೊಲಕ್ಕೆ ಚುಚ್ಚಿದರೆ ಅದರ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ತಟ್ಟೆಯಲ್ಲಿ ಲೋಳೆಯಂತೆ ಹೆಪ್ಪುಗಟ್ಟಿದ ಅಗರಿನಲ್ಲಿ ಕುಳಿ ತೋಡಿ, ನಡುವೆ ಮೊಲದ ಸೀರಮ್ಮು, ಅಂದರೆ ರಕ್ತದ ತಿಳಿ, ಅಕ್ಕಪಕ್ಕ ಎರಡು ಬ್ಯಾಕ್ಟೀರಿಯಾಗಳ ಪ್ರೋಟೀನು ಹಾಕಿಟ್ಟರೆ, ಅವು ಸಂಧಿಸಿದಲ್ಲಿ ಬಿಳಿ ಗೆರೆ ಮೂಡುತ್ತದೆ. ಗೆರೆಗಳು ನಯವಾಗಿ ಕೂಡಿಕೊಂಡರೆ ಪ್ರೋಟೀನು ಒಂದೇ. ಒಂದು ಗೆರೆ ಇನ್ನೊಂದನ್ನು ದಾಟಿ ಮುಳ್ಳಿನಂತೆ ಚಾಚಿದರೆ, ನೆಂಟಸ್ತಿಕೆ ಉಂಟು, ಆದರೆ ಒಂದೇ ಅಲ್ಲ. ಮೊಲದ ಕಿವಿಯಿಂದ ರಕ್ತ ತೆಗೆಯುವ ಮುನ್ನ ಪಾಲಾಕ್ಷ, "ಕ್ವಾಪ ಮಾಡ್ಕಬ್ಯಾಡ ಕಣವ್ವ," ಎಂದು ಕೇಳಿಕೊಳ್ಳುತ್ತಿದ್ದ. ಅದನ್ನು ಕೇಳಿಯೂ ಲಕ್ಷ್ಮೀನರಸಿಂಹನಿಗೆ ಮೈಯೆಲ್ಲ ಉರಿ.

ವಿಭಾಗದ ಮುಖ್ಯಸ್ಥೆ ಪ್ರಿಯಂವದಾ ಅವರದೊಂದು ಕಟ್ಟುನಿಟ್ಟು: ಯಾವ ಗೆರೆಯೂ ಇಬ್ಬರ ಕಣ್ಣಿಗೆ ಬಿದ್ದು, ಇಬ್ಬರೂ ಸಹಿ ಹಾಕಿದ ಮೇಲೆಯೇ ದಾಖಲೆಗೆ ಸೇರಬೇಕು. ಒಂದು ಸೋಮವಾರ, ಲಕ್ಷ್ಮೀನರಸಿಂಹ 'ಒಂದೇ' ಎಂದು ಬರೆದಿಟ್ಟಿದ್ದ ಜೋಡಿಯಲ್ಲಿ ಪಾಲಾಕ್ಷನಿಗೆ ಮುಳ್ಳು ಕಂಡಿತು. ನಿಜವಾದರೆ ಪ್ರಬಂಧದಲ್ಲಿ ಪಾಲಾಕ್ಷನ ಹೆಸರೇ ಮೊದಲು ಎಂದುಬಿಟ್ಟರು ಪ್ರಿಯಂವದಾ.

"ನೋಡಿ ಸಾ, ಇಲ್ಲಿ, ಕೂದ್ಲಂಗೆ."

ಲಕ್ಷ್ಮೀನರಸಿಂಹ ನೋಡಿದ. ಕಂಡಿತು. ಚೆನ್ನಾಗಿಯೇ ಕಂಡಿತು.

"ಏನೂ ಇಲ್ಲವಲ್ಲ ಪಾಲಾಕ್ಷ," ಎಂದ.

ಅವನು ಜಗಳಕ್ಕೆ ಬಂದಿದ್ದರೆ ಎಷ್ಟೋ ಹಿತವಾಗುತ್ತಿತ್ತು. ಪಾಲಾಕ್ಷ ಪುಸ್ತಕದಲ್ಲಿ ತನ್ನ ಸಾಲನ್ನು ಹೊಡೆದುಹಾಕಿದ, ಮರುದಿನ ರಜೆ ಹಾಕಿ ಚನ್ನರಾಯಪಟ್ಟಣದ ಕಣ್ಣಿನ ಡಾಕ್ಟರ ಬಳಿ ಹೋದ. ವಾರದ ಮೇಲೆ ದಪ್ಪ ಕನ್ನಡಕ ಏರಿಸಿಕೊಂಡು ಬಂದವನು ಅದೇ ಜೋಡಿಯ ಹೊಸ ತಟ್ಟೆ ಮಾಡಿಟ್ಟ.

"ನೀವೇಳಿದ್ದೇ ಸರಿ ಸಾ, ನನ್ ಕಣ್ಣು ಮಂಜಾಗಿತ್ತಂತೆ. ಆದ್ರೆ ಈಗ ನೋಡುದ್ರೆ ಮುಳ್ಳು ಇನ್ನೂ ಚೆಂದಾಗಿ ಕಾಣ್ತದೆ. ನಿಮ್ಗೂ ವಯಸ್ಸಾಯ್ತಲ್ಲ, ಒಂದ್ಸಲ ಇದನ್ನ ಹಾಕ್ಕಂಡು ನೋಡಿ."

ಕನ್ನಡಕ ತೆಗೆದು, ಕೋಟಿನ ಅಂಚಿನಲ್ಲಿ ಒರೆಸಿ ಕೊಟ್ಟ. ಲಕ್ಷ್ಮೀನರಸಿಂಹ ಹಾಕಿಕೊಂಡ. ತಟ್ಟೆ, ಗೆರೆ, ಕಿಟಕಿ, ಎದುರಿನ ಮುಖ ಎಲ್ಲವೂ ಕಲಸಿಹೋಗಿದ್ದವು, ಏನೂ ಕಾಣಲಿಲ್ಲ.

"ಕಾಣ್ತಿದೆ," ಎಂದು ಸಹಿ ಹಾಕಿದ.

ಎದುರಿನವನ ಮಾತನ್ನು ಅನುಮಾನಿಸುವ ಮೊದಲು ತಮ್ಮ ಕಣ್ಣನ್ನೇ ಅನುಮಾನಿಸುವ ಇಂಥವರು ಎಲ್ಲ ಕಡೆಯೂ ಒಬ್ಬಿಬ್ಬರು ಇರುತ್ತಾರೆ. ಅವರನ್ನು ಕಂಡು ಹೊಟ್ಟೆಕಿಚ್ಚುಪಡುವುದು ಬಲು ಸುಲಭ. ಕ್ಷಮೆ ಕೇಳುವುದೇ ಕಷ್ಟ. ತಮಗೆ ಅನ್ಯಾಯವಾಗಿದೆಯೆಂಬುದೇ ಅವರಿಗೆ ಗೊತ್ತಿರುವುದಿಲ್ಲ.