ಶಿವಕ್ಕನ ಸರದಿ

ಅಮೆರಿಕದ ಪ್ರಜೆಯಾದ ವಾರದಲ್ಲೇ, ೧೯೮೨ರ ಮಾರ್ಚ್‌ನಲ್ಲಿ, ಸುಧಾಮಣಿ ನಂಜನಗೂಡಿನ ಅಕ್ಕ ಶಿವಲಿಂಗಮ್ಮನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದಳು. ತಾಯಿ ತೀರಿಕೊಂಡಾಗ ಸುಧಾಮಣಿಗೆ ನಾಲ್ಕು ವರ್ಷ, ಶಿವಲಿಂಗಮ್ಮನಿಗೆ ಹದಿನಾಲ್ಕು. ಅಂದಿನಿಂದ ಜಡೆ ಹೆಣೆದವಳು, ಕಾಲೇಜಿಗೆ ಸೇರಿಸಿದವಳು, ಧಾರೆಯ ಹೊತ್ತಿಗೆ ತಾಯಿಯ ಜಾಗದಲ್ಲಿ ನಿಂತವಳು ಎಲ್ಲಾ ಶಿವಕ್ಕನೇ. ಈಗ ವಿಧವೆ, ಹೊಲಿಗೆ ಹೇಳಿಕೊಟ್ಟುಕೊಂಡು ಒಬ್ಬಳೇ ಮಗಳು ನಿರುಪಮಾಳನ್ನು ಸಾಕುತ್ತಿದ್ದಳು. ಅಮೆರಿಕದ ಹಿಲ್ಸ್‌ಬರೋ ಊರಿನ ಮನೆಯಲ್ಲಿ ಹಾಲು ಕಾಯಿಸುವಾಗ, ಲ್ಯಾಬಿನ ಕೆಲಸಕ್ಕೆ ಕಾರಿನಲ್ಲಿ ಹೋಗುವಾಗ, ಸುಧಾಮಣಿ ಮನಸ್ಸಿನಲ್ಲೇ ಅಕ್ಕನ ಜೊತೆ ಮಾತಾಡುತ್ತಿದ್ದಳು.

ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿಯಿಂದಾಗಿ ಆರು ವರ್ಷವಾದರೂ ಸರದಿ ಬರಲಿಲ್ಲ. ಅಷ್ಟರಲ್ಲಿ ವಾಷಿಂಗ್ಟನ್ನಿನಲ್ಲಿ ವಲಸೆ ಕಾನೂನಿನ ಚರ್ಚೆ ಎದ್ದಿತು. ಒಡಹುಟ್ಟಿದವರ ಕೋಟಾ ಮೊಟಕು ಮಾಡಿ, ಆ ಜಾಗವನ್ನು ಕಸುಬು ಕಲಿತವರಿಗೆ ಕೊಡಬೇಕೆಂದು ಕೆಲವರ ವಾದ. ಜನರ ಅಭಿಪ್ರಾಯ ಕೇಳಲು ಸಂಸದರ ಕಚೇರಿಯಿಂದ ಮಾರ್ಗರೆಟ್ ಎಂಬಾಕೆ ಊರಿನ ಲೈಬ್ರರಿಗೆ ಬರುವಳೆಂದು ತಿಳಿಯಿತು.

“ಲೆಟರ್ ಬರೆದು ಕೊಟ್ಬಿಡು ಸಾಕು,” ಎಂದ ಗಂಡ ಚಂದ್ರಶೇಖರ. “ಮೈಕ್ ಮುಂದೆ ನಿಂತ್ರೆ ನಿಂಗೆ ಕೈ ನಡುಗುತ್ತೆ.”

“ನಡುಗ್ಲಿ ಬಿಡ್ರೀ.”

ಸಭೆಯಲ್ಲಿ ಮೊದಲು ಟೊಮೇಟೊ ತೋಟದ ಮಾಲೀಕನೊಬ್ಬ ಎದ್ದು, ಕೊಯ್ಲಿಗೆ ಆಳು ಸಿಗುತ್ತಿಲ್ಲ ಎಂದ. ಅವನ ಹಿಂದೆಯೇ ಮೆಕ್ಸಿಕೋದ ಕೂಲಿಯಾಳು ನಿಂತ. ಎರಡು ವರ್ಷದ ಹಿಂದಿನ ಕಾನೂನಿನಲ್ಲಿ ತನಗೆ ಇಲ್ಲಿರಲು ಕಾಗದ ಸಿಕ್ಕಿತು, ಹೆಂಡತಿಗೆ ಸಿಗಲಿಲ್ಲ ಎಂದಷ್ಟೇ ಹೇಳಿ ಕೂತುಬಿಟ್ಟ. ಅವನ ಮುಖ ನೋಡಿ ಸುಧಾಮಣಿ ಎದ್ದಳು. ಅಕ್ಕನಿಗಾಗಿ ಆರು ವರ್ಷದಿಂದ ಕಾಯುತ್ತಿದ್ದೇನೆ ಎಂದಳು.

“ನಿಮ್ಮಕ್ಕನಿಗೆ ಅವರದೇ ಕುಟುಂಬ ಇದೆಯಲ್ಲವೇ?” ಮಾರ್ಗರೆಟ್ ಮೃದುವಾಗಿಯೇ ಕೇಳಿದಳು.

“ಇದೆ. ಆ ಕುಟುಂಬದಲ್ಲಿ ನಾನೂ ಒಬ್ಬಳು,” ಎಂದಳು ಸುಧಾಮಣಿ. ಬರೆದುಕೊಂಡು ಬಂದ ಉಳಿದ ಮಾತೆಲ್ಲ ಮರೆತುಹೋಗಿತ್ತು. ಮಾರ್ಗರೆಟ್ ಆ ಒಂದು ಮಾತನ್ನು ಬರೆದುಕೊಂಡಳು.

೧೯೯೦ರಲ್ಲಿ ಹೊಸ ಕಾನೂನು ಬಂತು. ಒಡಹುಟ್ಟಿದವರ ಕೋಟಾ ಉಳಿಯಿತು. ಚಂದ್ರಶೇಖರ ಜಿಲೇಬಿ ತಂದ. ಸುಧಾಮಣಿ ಅಕ್ಕನಿಗೆಂದು ಮಹಡಿಯ ಕೋಣೆಗೆ ಹೊಸ ಪರದೆ ಹೊಲಿದಳು.

ಸರದಿ ಬಂದದ್ದು ೧೯೯೨ರ ಏಪ್ರಿಲ್‌ನಲ್ಲಿ. ಮದ್ರಾಸಿನ ಅಮೆರಿಕನ್ ಕಾನ್ಸುಲೇಟಿಗೆ ವೀಸಾಕ್ಕಾಗಿ ಬರಲು ಶಿವಲಿಂಗಮ್ಮನಿಗೆ ಕಾಗದ. ಆದರೆ ಅರ್ಜಿ ಹಾಕಿದಾಗ ಹನ್ನೊಂದರ ಹುಡುಗಿಯಾಗಿದ್ದ ನಿರುಪಮಾಗೆ ಫೆಬ್ರವರಿಯಲ್ಲೇ ಇಪ್ಪತ್ತೊಂದು ತುಂಬಿತ್ತು. ಇಪ್ಪತ್ತೊಂದಾದ ಮಗಳು ತಾಯಿಯ ವೀಸಾದಲ್ಲಿ ಬರುವಂತಿಲ್ಲ.

ಭಾನುವಾರ ಬೆಳಿಗ್ಗೆ ಸುಧಾಮಣಿ ಅಕ್ಕನ ಮನೆ ಪಕ್ಕದ ಮೆಡಿಕಲ್ ಶಾಪಿಗೆ ಫೋನ್ ಮಾಡಿ ಅವಳನ್ನು ಕರೆಸಿದಳು.

“ನೀನು ಮೊದ್ಲು ಬಾ ಅಕ್ಕ. ಬಂದು ಅವಳಿಗೆ ಅರ್ಜಿ ಹಾಕ್ಬೋದಂತೆ, ಲಾಯರ್ ಹೇಳಿದ್ರು.”

“ಎಷ್ಟು ವರ್ಷ ಆಗುತ್ತೆ ಮಣಿ?”

ಸುಧಾಮಣಿಗೆ ಗೊತ್ತಿತ್ತು. “ಕೆಲವು ವರ್ಷ ಆಗ್ಬೋದು,” ಎಂದಷ್ಟೇ ಹೇಳಿದಳು.

“ನಿನ್ನ ಬಿಟ್ಟಿರೋದು ಅಭ್ಯಾಸ ಆಗೋಗಿದೆ ಕಣೇ,” ಎಂದಳು ಶಿವಕ್ಕ. “ಅವಳನ್ನ ಬಿಟ್ಟಿರೋದನ್ನ ಹೊಸ್ದಾಗಿ ಕಲೀಬೇಕು. ನನ್ ಕೈಲಾಗಲ್ಲ.”

ಬಾ ಎಂದು ಇನ್ನೊಮ್ಮೆ ಹೇಳಿದರೆ ಅಕ್ಕ ಬಂದರೂ ಬಂದಾಳು ಎಂದು ಸುಧಾಮಣಿಗೆ ಅನ್ನಿಸಿತು. ತುಟಿ ಕಚ್ಚಿಕೊಂಡಳು. “ಬರ್ಬೇಡ ಬಿಡಕ್ಕ. ಡಿಸೆಂಬರ್‌ನಲ್ಲಿ ನಾನೇ ಬರ್ತೀನಿ.”

ಆಮೇಲೆ ಶಿವಕ್ಕ, “ನಿನ್ ಅಡುಗೆಮನೆ ಕಿಟಕಿಯಿಂದ ಏನ್ ಕಾಣ್ಸುತ್ತೆ, ಹೇಳು,” ಎಂದಳು.

ಸುಧಾಮಣಿ ಕಣ್ಣೊರೆಸಿಕೊಂಡು ಕಿಟಕಿಯತ್ತ ತಿರುಗಿದಳು. ಎದುರುಮನೆಯ ಬೇಲಿ, ಅದರಾಚೆ ಆಗ ತಾನೇ ಚಿಗುರಿದ ಮೇಪಲ್ ಮರ, ಚರ್ಚಿಗೆ ಹೊರಟ ಮುದುಕ ದಂಪತಿ, ಒಂದನ್ನೂ ಬಿಡದೆ ನಿಧಾನವಾಗಿ ಹೇಳತೊಡಗಿದಳು.